ಇಂಜಿನಿಯರ್ ಬೋಜನ ಕಾಯಿಲ್ ಒಲೆ

ಮಳೆ ಹಿಡಿಯಿತೆಂದರೆ ಸೌದೆ ಹೊತ್ತುವುದಿಲ್ಲ. ಊದಿ ಊದಿ ಕಣ್ಣು ಕೆಂಪಾಗುತ್ತದೆಯೇ ಹೊರತು ಹಂಡೆಯ ನೀರು ಬೆಚ್ಚಗೂ ಆಗುವುದಿಲ್ಲ. ಇದು ಯಾರ ಮನೆಯ ಪಾಡಲ್ಲ ಹೇಳಿ?

ತಿತಿಮತಿ ಹತ್ತಿರದ ಕಾಫಿ ಎಸ್ಟೇಟಿನ ಲೈನ್‌ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿರುವ ಬೋಜನಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಅವನ ಹತ್ತಿರ ಕರೆಂಟಿನ ಕಾಯಿಲ್ ಒಲೆಯಿತ್ತು. ಏಳು ವರ್ಷ ಹಳೆಯದು. ಸ್ಪ್ರಿಂಗಿನಂತೆ ಸುತ್ತಿದ ಅದರ ಕಾಯಿಲ್ ತುಂಡಾದಾಗಲೆಲ್ಲ ಬೋಜ ಸುಟ್ಟ ತುದಿಯನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಎಳೆದು ತಿರುಚಿ ಗಂಟು ಹಾಕುತ್ತಿದ್ದ. ವಿಚಿತ್ರವೆಂದರೆ, ಪ್ರತಿ ಗಂಟಿನ ನಂತರ ಒಲೆ ಮೊದಲಿಗಿಂತ ಜೋರಾಗಿ ಕಾಯುತ್ತಿತ್ತು. ಲೈನಿನವರೆಲ್ಲ ಅವನನ್ನು ‘ಇಂಜಿನಿಯರ್ ಬೋಜ’ ಎನ್ನತೊಡಗಿದರು. ಹಾಗೆ ಕರೆದಾಗ ಅವನ ಎದೆ ಎರಡಿಂಚು ಉಬ್ಬುತ್ತಿದ್ದುದು ಸುಳ್ಳಲ್ಲ.

ಈ ಮಳೆಗಾಲದಲ್ಲಿ ಮಗಳು ತುಳಸಿ ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗಳಿಗೆ ಹದಿನೆಂಟು ದಿನ. ಒಲೆಯ ಪ್ಲಗ್ ಇದ್ದ ಗೋಡೆಗೇ ತಾಗಿಸಿ ತೊಟ್ಟಿಲು ಕಟ್ಟಿದ್ದರು, ಮಗುವಿಗೆ ಬೆಚ್ಚಗಿರಲಿ ಎಂದು.

ಒಂದು ಬೆಳಗ್ಗೆ ಸ್ನಾನದ ನೀರಿಗಿಟ್ಟಾಗ ಬೋಜನ ಹೆಂಡತಿ ಸಿದ್ದಮ್ಮ ಮೂಗು ಅರಳಿಸಿದಳು.

“ಎಂತದೋ ಸುಟ್ಟ ವಾಸನೆ ಬರ್ತದಲ್ಲ?”

“ಒಲೆ ಜೋರಾಗಿ ಕಾದ್ರೆ ವಾಸನೆ ಬರದೆ ಇರ್ತದಾ? ನೀನು ನೀರು ನೋಡು,” ಎಂದ ಬೋಜ.

ಸಿದ್ದಮ್ಮ ನೀರನ್ನು ನೋಡಲಿಲ್ಲ. ಲೈನಿನ ಕೊನೆಯ ಮನೆಗೆ ಹೋಗಿ ಮುತ್ತಿಯನ್ನು ಕರೆತಂದಳು. ಮುತ್ತಿ ಐಟಿಐ ಓದಿ, ವೈರ್‌ಮನ್ ಲೈಸೆನ್ಸ್ ತೆಗೆದುಕೊಂಡ ಹುಡುಗಿ.

“ಮೊನ್ನೆ ಮೊನ್ನೆ ಮೂಗು ಸುರಿಸ್ಕೊಂಡು ಓಡಾಡ್ತಿದ್ದವಳು, ನಂಗೆ ಕರೆಂಟಿನ ಪಾಠ ಹೇಳ್ತೀಯಾ?” ಬೋಜ ನಕ್ಕ.

“ನಾನು ಹೇಳೋದಿಲ್ಲ ಬೋಜಣ್ಣ. ಮೀಟರ್ ಹೇಳ್ತದೆ,” ಎಂದಳು ಮುತ್ತಿ. ಗೋಡೆಯ ಪ್ಲಗ್ಗಿನಲ್ಲಿ ಅಳೆದಳು. “ವೋಲ್ಟೇಜ್ ಇನ್ನೂರ ಇಪ್ಪತ್ತು.” ಇಕ್ಕಳದಂತೆ ಬಾಯಿ ತೆರೆಯುವ ಇನ್ನೊಂದು ಮೀಟರನ್ನು ಒಲೆಯ ಒಂದು ವೈರಿಗೆ ಕಚ್ಚಿಸಿದಳು. “ಕರೆಂಟ್ ಹತ್ತು ಆಂಪಿಯರ್.” ತಕ್ಷಣ ಸ್ವಿಚ್ ಆರಿಸಿದಳು.

“ಎಷ್ಟು ಜೋರು ನೋಡು!” ಬೋಜನಿಗೆ ಹೆಮ್ಮೆ.

“ಜೋರೇ ಹೌದು. ವೋಲ್ಟಿನಿಂದ ಆಂಪಿಯರ್ ಗುಣಿಸಿದ್ರೆ ವ್ಯಾಟ್. ಇನ್ನೂರ ಇಪ್ಪತ್ತು ಹತ್ತಲೆ?”

“ಎರಡು ಸಾವಿರದ ಇನ್ನೂರು.”

“ಈಗ ಒಲೆ ತಿರುಗಿಸಿ, ಅಡಿಯಲ್ಲಿ ಎಂತ ಬರ್ದಿದೆ ಓದಿ.”

ತಣ್ಣಗಾದ ಮೇಲೆ ಬೋಜ ಮಸಿ ಒರೆಸಿ ಓದಿದ. ಸಾವಿರ ವ್ಯಾಟ್. ಅವನ ನಗು ಅಲ್ಲಿಗೇ ನಿಂತಿತು.

“ಮತ್ತೆ ಇದು ಹ್ಯಾಗೆ ಹೆಚ್ಚಾಯ್ತು?”

“ವೋಲ್ಟನ್ನು ಆಂಪಿಯರಿಂದ ಭಾಗಿಸಿ. ಅದು ಕಾಯಿಲಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟನ್ನು ತಡೆಯೋ ಶಕ್ತಿ. ಇನ್ನೂರ ಇಪ್ಪತ್ತು ಭಾಗಿಸು ಹತ್ತು, ಇಪ್ಪತ್ತೆರಡು ಓಮ್. ಹೊಸದಿದ್ದಾಗ ನಲವತ್ತೆಂಟರ ಹತ್ರ ಇತ್ತು. ನೀವು ಕತ್ತರಿಸಿ ಕತ್ತರಿಸಿ ಕಾಯಿಲ್ ಗಿಡ್ಡ ಆಯ್ತು, ತಡೆ ಕಮ್ಮಿ ಆಯ್ತು, ಕರೆಂಟ್ ನುಗ್ಗಿತು. ಈ ಚಿಕ್ಕ ಪ್ಲಗ್ಗು ತಡೆಯೋದು ಆರೇ ಆಂಪಿಯರ್. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗ್ಸಿ ಎಲ್ಲರೂ ಮೂಟೆ ಹೊತ್ಕೊಂಡು ಒಳದಾರಿಯಲ್ಲಿ ಒಟ್ಟಿಗೇ ಓಡಿ ಬಂದ್ರೆ ಎಸ್ಟೇಟಿನ ಚಿಕ್ಕ ಗೇಟು ಎಂತ ಆಗ್ತದೆ?”

“ಮುರೀತದೆ. ಆದ್ರೆ ಫ್ಯೂಸ್ ಹೋಗ್ಬೇಕಿತ್ತಲ್ಲ?”

“ನೀವೇ ಹೇಳಿ, ಫ್ಯೂಸಿಗೆ ಎಂತ ಹಾಕಿದ್ರಿ?”

ಬೋಜ ತಲೆ ಕೆರೆದುಕೊಂಡ. “ಪದೇ ಪದೇ ಹೋಗ್ತಿತ್ತು ಅಂತ... ದಪ್ಪ ತಂತಿ.”

ಮುತ್ತಿ ಮೇನ್ ಆರಿಸಿ ಪ್ಲಗ್ ಕಿತ್ತು ಅವನ ಅಂಗೈಯಲ್ಲಿಟ್ಟಳು. ಪಿನ್ನಿನ ಬುಡ ಕಂದಿ, ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿತ್ತು. ಬೋಜ ಪ್ಲಗ್ ನೋಡಿದ. ಒಂದು ಗೇಣು ದೂರದಲ್ಲಿ ತೊಟ್ಟಿಲು. ಮೊಮ್ಮಗಳು ಮುಷ್ಟಿ ಬಿಗಿದು ಮಲಗಿದ್ದಳು. ಇಷ್ಟು ವರ್ಷ ಯಾವುದಕ್ಕೆ ಹೆಮ್ಮೆ ಪಟ್ಟಿದ್ದನೋ ಅದೇ ಈಗ ಮಗುವಿನ ತಲೆಯ ಹತ್ತಿರ ಬೆಂಕಿ ತಂದಿಟ್ಟಿತ್ತು.

ಅವನೇ ತೊಟ್ಟಿಲನ್ನು ಆಚೆ ಗೋಡೆಗೆ ಕಟ್ಟಿದ. ಆಮೇಲೆ ಪೇಟೆಗೆ ಹೋಗಿ ಹೊಸ ಕಾಯಿಲ್ ತಂದ. ಕಾಫಿ ತೂಕದ ಹಳೆಯ ಚೀಟಿಯ ಹಿಂದೆ ಲೆಕ್ಕ ಬರೆದು ಮುತ್ತಿಗೆ ತೋರಿಸಿದ. “ಸಾವಿರ ವ್ಯಾಟನ್ನು ಇನ್ನೂರ ಇಪ್ಪತ್ತು ವೋಲ್ಟಿಂದ ಭಾಗಿಸಿದೆ. ಸುಮಾರು ನಾಲ್ಕೂವರೆ ಆಂಪಿಯರ್. ಪ್ಲಗ್ಗು ಆರು. ಸರಿ ಉಂಟಾ?”

“ಸರಿ ಉಂಟು!” ಎಂದಳು ಮುತ್ತಿ. ಹೊಸ ಪ್ಲಗ್, ಸರಿಯಾದ ಫ್ಯೂಸ್ ತಂತಿ ಹಾಕಿ, ವೈರ್ ಪರೀಕ್ಷಿಸಿ ಕೊಟ್ಟಳು. ನೀರು ಕಾಯಲು ಮೊದಲಿಗಿಂತ ಹೊತ್ತು ಹಿಡಿಯಿತು. ಸುಟ್ಟ ವಾಸನೆ ಇರಲಿಲ್ಲ.

ಮರುವಾರ ಪಕ್ಕದ ಮನೆಯ ಕೆಂಚ ತುಂಡಾದ ಒಲೆ ಹಿಡಿದುಕೊಂಡು ಬಂದ. “ಇಂಜಿನಿಯರೇ, ಇದಕ್ಕೊಂದು ಗಂಟು ಹಾಕಿ ಕೊಡಿ.”

“ಗಂಟು ಹಾಕೋದು ಬಿಟ್ಟೆ ಕೆಂಚ. ಈಗ ಲೆಕ್ಕ ಹಾಕ್ತೇನೆ. ಅಡಿಯಲ್ಲಿ ಎಷ್ಟು ವ್ಯಾಟ್ ಬರ್ದಿದೆ, ಓದು,” ಎಂದ ಬೋಜ. ಒಳಗಿನಿಂದ ಕೇಳಿಸಿಕೊಂಡ ತುಳಸಿ ಮಗುವಿನ ಕಿವಿಯಲ್ಲಿ ಹೇಳಿದಳು, “ನಿನ್ನ ಅಜ್ಜ ಈಗ ನಿಜವಾದ ಇಂಜಿನಿಯರ್.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಮನೆಯ ಒಲೆ, ಹೀಟರ್, ಇಸ್ತ್ರಿಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಓದಿ. ಅದನ್ನು ಇನ್ನೂರ ಇಪ್ಪತ್ತು ವೋಲ್ಟಿನಿಂದ ಭಾಗಿಸಿ. ಆರು ಆಂಪಿಯರ್ ದಾಟಿದರೆ ಚಿಕ್ಕ ಪ್ಲಗ್ಗಿಗೆ ಚುಚ್ಚಲೇಬೇಡಿ. ತುಂಡಾದ ಕಾಯಿಲ್‌ಗೆ ಗಂಟು ಬೇಡ, ಫ್ಯೂಸಿಗೆ ದಪ್ಪ ತಂತಿ ಬೇಡ. ಮೀಟರ್ ಹಿಡಿದು ಅಳೆಯುವ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ಗೇ ಇರಲಿ. ಭಾಗಾಕಾರ ಮಾತ್ರ ನಿಮ್ಮದು. ನಿಮ್ಮ ಮನೆಯಲ್ಲೂ ಮಲಗಿರುವ ಮಗುವಿರಬಹುದು.