ಕುಬೇರಪ್ಪನ ಪೈಪು

“ಏ ಮಲ್ಲಿ, ಆ ಕಡೆ ಸರದು ನಿಂದರ ಬೇ. ಕೆಸರು ಸಿಡದು ಆರತಿ ತಾಟು ಮೈಲಿಗಿ ಆದೀತು.”

ಹಳ್ಳದ ದಂಡೆಯ ಮೇಲಿಂದ ಕುಬೇರಪ್ಪ ಧಣಿ ಹೀಗೆ ಕೂಗಿದಾಗ ಮಲ್ಲಕ್ಕ ಮೊಣಕಾಲುಮಟ್ಟ ರಾಡಿಯಲ್ಲಿ ನಿಂತು ಜಾಲಿಕಂಟಿಯ ಬೇರು ಕೀಳುತ್ತಿದ್ದಳು. ಆರತಿ ತಾಟಿಗೂ ಅವಳಿಗೂ ನಡುವೆ ಒಂದು ಟ್ರ್ಯಾಕ್ಟರ್ ತಿರುಗುವಷ್ಟು ಜಾಗವಿತ್ತು. ಆದರೂ ಸರಿದಳು. ನಮ್ಮ ಮೈಲಿಗೆಗೆ ರೆಕ್ಕೆ ಮೂಡಿದೆ ನೋಡು ಎಂದು ಪಕ್ಕದ ರೇಷ್ಮಾಬಿಗೆ ಪಿಸುಗುಟ್ಟಿ ನಕ್ಕಳು.

ವರ್ಷಾವರ್ಷ ಮಳೆಗಾಲಕ್ಕೆ ಮುಂಚೆ ಹಳ್ಳ ಹಸನು ಮಾಡುವುದು ಕೇರಿಯ ಹೆಂಗಸರ ಕೆಲಸ. ಯಾರೂ ಹೇಳಿ ಕಳಿಸುವುದಿಲ್ಲ, ಕೂಲಿಯೂ ಇಲ್ಲ. ಕಂಟಿ ಕಡಿದು, ಪ್ಲಾಸ್ಟಿಕ್ ಆರಿಸಿ, ಉಸುಕಿನಲ್ಲಿ ವರ್ತಿ ತೋಡುತ್ತಾರೆ. ಆ ಗುಂಡಿಯಲ್ಲಿ ಒಸರಿದ ನೀರೇ ಕೇರಿಯವರ ಕುಡಿಯುವ ನೀರು. ಸುತ್ತಲಿನ ಹೊಲಸು ಒಳಗೆ ನುಗ್ಗದಂತೆ ಎರೆಮಣ್ಣಿಗೆ ಶೇಂಗಾ ಹೊಟ್ಟು ಬೆರೆಸಿ, ಒಬ್ಬರ ಹೆಗಲು ಒಬ್ಬರು ಹಿಡಿದು ತುಳಿದು, ವರ್ತಿಗೆ ಒಡ್ಡು ಮೆತ್ತುತ್ತಾರೆ.

ಈ ಸಲ ಕುಬೇರಪ್ಪನಿಗೆ ಹಳ್ಳದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ಕಮಿಟಿ ಮಾಡಿ ತಾನೇ ಅಧ್ಯಕ್ಷನಾದ. ತಾಲ್ಲೂಕು ಕಚೇರಿಯ ಸಾಹೇಬರನ್ನು ಗಂಗಾಪೂಜೆಗೆ ಕರೆದ. ‘ಹಳ್ಳ ನಮ್ಮ ತಾಯಿ’ ಎಂದು ಬ್ಯಾನರು ಕಟ್ಟಿಸಿದ. ಬರೋಬ್ಬರಿ ಆ ಬ್ಯಾನರಿನ ಹಿಂದೆ ಅವನ ಹೊಸ ಮನೆಯ ಸಂಡಾಸಿನ ಪೈಪು ಹಳ್ಳಕ್ಕೆ ಬಾಯಿ ತೆರೆದಿತ್ತು. ಅದರ ಕೆಳಗೇ ಕೇರಿಯ ವರ್ತಿ. ಹೋದ ಬೇಸಿಗೆಯಲ್ಲಿ ಆ ನೀರು ಕುಡಿದು ರೇಷ್ಮಾಬಿಯ ಮಗಳು ವಾಂತಿಭೇದಿಯಿಂದ ಸತ್ತು ಬದುಕಿದ್ದಳು. ಮಲ್ಲಕ್ಕ ಪಂಚಾಯ್ತಿಗೆ ಹೋಗಿ ಜಗಳಾಡಿದರೆ, ನೋಡೋಣ ಎಂದು ಕಳಿಸಿದ್ದರು. ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

ಸಾಹೇಬರ ಜೀಪು ಬಂತು. ಕುಬೇರಪ್ಪ ಮೈಕು ಹಿಡಿದು ಭಾಷಣ ಮಾಡಿದ. ಕೇರಿಯವರನ್ನು ದೂರ ಅಟ್ಟಿ, ಅವರ ಬುಟ್ಟಿಗಳಿಗೆ ನೀರು ಚಿಮುಕಿಸಿ, ರೇಷ್ಮೆ ಸೀರೆಯವರ ಕೈಗೆ ಕೊಟ್ಟು ಫೋಟೊ ಹೊಡೆದದ್ದೂ ಆಯಿತು. ಸಾಹೇಬರಿಗೆ ಅಷ್ಟು ಸಾಲಲಿಲ್ಲ. ಮೊಬೈಲ್ ಎತ್ತಿ ಹಿಡಿದು, ವಿಡಿಯೊಗೆ ನಿಜವಾದ ಕೆಲಸವೂ ಬೇಕು, ಆ ಹೆಂಗಸರು ಮಣ್ಣು ಮೆತ್ತಿ ತೋರಿಸಲಿ ಎಂದರು.

ಮಲ್ಲಕ್ಕ ರೇಷ್ಮಾಬಿಯ ಮುಖ ನೋಡಿದಳು. ತುಳಿದಿಟ್ಟ ಮಣ್ಣನ್ನು ಬುಟ್ಟಿ ತುಂಬ ಹೊತ್ತು ಇಬ್ಬರೂ ನಡೆದರು. ವರ್ತಿಯ ಕಡೆಗಲ್ಲ, ಬ್ಯಾನರಿನ ಕಡೆಗೆ. ಮಲ್ಲಕ್ಕ ಅದನ್ನು ಬಾಗಿಲ ಪರದೆಯಂತೆ ಸರಿಸಿ, ಪೈಪಿನ ಬಾಯಿಗೆ ಕಲ್ಲು ಜಡಿದು, ಮೇಲೆ ಮಣ್ಣು ಬಡಿದಳು. ಉಳಿದ ಹೆಂಗಸರೂ ಬುಟ್ಟಿ ಎತ್ತಿಕೊಂಡು ಬಂದರು. ಸಾಹೇಬರ ಮೊಬೈಲಿನಲ್ಲಿ ವಿಡಿಯೊ ನಡೆದೇ ಇತ್ತು.

“ಏನ್ ಮಾಡಾಕತ್ತೀ ಬೇ ಹಲ್ಕಟ್ ರಂಡಿ?” ಎಂದ ಕುಬೇರಪ್ಪ.

“ಹಳ್ಳಕ್ಕ ಹೊಲಸು ಬೀಳಬಾರದಂತ ಮೈಕಿನ್ಯಾಗ ನೀವ ಹೇಳಿದ್ರಲ್ಲಾ ಧಣ್ಯಾರ.”

ತೆಗೆಯಿರೆಂದು ಅವನು ಗದರಿದ. ನಾಳೆಯಿಂದ ಒಬ್ಬಳನ್ನೂ ಕೂಲಿಗೆ ಕರೆಯುವುದಿಲ್ಲ ಎಂದ. ಪೊಲೀಸರ ಹೆಸರು ಹೇಳಿದ. ಹೆಂಗಸರು ಕೈ ತೊಳೆದುಕೊಂಡು ದಂಡೆ ಏರಿ ಕೂತರು. ಕುಬೇರಪ್ಪ ತನ್ನ ಆಳು ಈರೇಶನನ್ನು ಕರೆದ. ಅವನೂ ಕೇರಿಯವನೇ, ಸೊಂಟ ಹಿಡಿದಿದೆ ಎಂದು ಅಲ್ಲೇ ಕುಕ್ಕರಿಸಿಬಿಟ್ಟ. ಸಾಹೇಬರ ಊಟದ ನೆಪದಲ್ಲಿ ಧಣಿಯ ಮನೆ ತುಂಬ ಬೀಗರು ಸೇರಿದ್ದರು. ಸ್ವಲ್ಪ ಹೊತ್ತಿಗೆಲ್ಲ ಧಣಿಯ ಹೆಂಡತಿ ಹಿತ್ತಲಿಗೆ ಓಡಿ ಬಂದು, ಸಂಡಾಸಿನ ನೀರು ನಡುಮನೆಗೆ ನುಗ್ಗುತ್ತಿದೆ ಎಂದಳು.

ಕುಬೇರಪ್ಪ ಸುತ್ತ ನೋಡಿದ. ಕಮಿಟಿಯವರು ಒಬ್ಬೊಬ್ಬರೇ ಶಾಮಿಯಾನದ ಕಡೆ ಜಾರುತ್ತಿದ್ದರು. ಸಾಹೇಬರು ಮೊಬೈಲನ್ನು ಕಿಸೆಗೆ ಸೇರಿಸಿದರು.

“ಧೋತರಾ ಎತ್ತಿ ಕಟ್ಕೊಂಡು ಇಳೀರಿ ಧಣ್ಯಾರ,” ಮಲ್ಲಕ್ಕ ಕೂತಲ್ಲಿಂದಲೇ ಹೇಳಿದಳು. “ನಿಮ್ಮ ಹೊಲಸು ಇಷ್ಟ ದಿನಾ ನಾವು ಕುಡದೀವಿ. ಇವತ್ತ ನೀವು ಬರೇ ಮುಟ್ಟರಿ.”