ಕಟ್ಟುಮರಂ ಪತ್ತಿರಂ

ರಾತ್ರಿ ಹನ್ನೊಂದು ದಾಟಿತ್ತು. ಬಚ್ಚಲುಮನೆಯಿಂದ ಗುಳುಗುಳು ಎಂಬ ಸಣ್ಣ ಸದ್ದು ಬರುತ್ತಿತ್ತು. ನಲ್ಲಿ ಸೋರುವ ಸದ್ದು ನನಗೆ ಗೊತ್ತು, ಇದು ಅದಲ್ಲ. ನಡುನಡುವೆ ನಿಲ್ಲುತ್ತಿತ್ತು, ಆಮೇಲೆ ಯಾರೋ ಮೂಗು ಸೀಟಿದ ಹಾಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ನನ್ನ ಗಂಡ ಶ್ರೀನಿವಾಸಪ್ಪ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು. ಚಿನ್ನದ ಗಣಿಯ ಊರಾದ ಉರಿಗಾಂನ ಆ ಮನೆಯಲ್ಲಿ ಸದ್ದುಗಳಿಗೆ ಎದ್ದು ಹೋಗುವ ಕೆಲಸ ಯಾವಾಗಲೂ ನನ್ನದೇ. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ಸರಿಸಿದೆ.

ನನ್ನ ಅತ್ತೆ ಕದಿರಮ್ಮ, ಅರವತ್ತು ದಾಟಿದವರು, ಬಕೆಟ್ಟಿನ ನೀರಿನಲ್ಲಿ ಮುಖ ಮುಳುಗಿಸಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರ ಬಾಯಿಂದ ಹೊರಟ ಪರಂಗಿ ಎಲೆಯ ದಂಟೊಂದು ನೀರಿನ ಮೇಲೆ ಕೊಳವೆಯ ಹಾಗೆ ನಿಂತಿತ್ತು.

ಅವರು ತಲೆ ಎತ್ತಿದರು. ನನ್ನನ್ನು ಕಂಡು ಹಲ್ಲು ಬಿಟ್ಟರು.

"ಎಂಬತ್ತು ಎಣಿಸೋಗಂಟ ಇದ್ದೆ ಕಣೇ ಅನಸೂಯಾ. ಉಸಿರು ಚೆಂದಾಗಿ ಬತ್ತದೆ. ದಂಟು ವಸಿ ಕಯ್ಯಿ, ಅಷ್ಟೇಯ."

ತಪ್ಪು ನನ್ನದೇ. ಗಣಿಯ ದೊಡ್ಡ ಸಾಹೇಬರೊಬ್ಬರು ಊರು ಬಿಟ್ಟು ತಮ್ಮ ದೇಶಕ್ಕೆ ಹೋಗುವಾಗ ಹಳೆಯ ಚಿತ್ರಪತ್ರಿಕೆಗಳ ಒಂದು ಕಟ್ಟನ್ನು ನಾನು ಪಾಠ ಮಾಡುವ ಹೆಣ್ಣುಮಕ್ಕಳ ಶಾಲೆಗೆ ಕೊಟ್ಟಿದ್ದರು. ಅದರಲ್ಲಿ ಒಂದನ್ನು ಮನೆಗೆ ತಂದಿದ್ದೆ. ಕೆರಿಬಿಯನ್ ಎಂಬ ಸಮುದ್ರ, ಅದರೊಳಗೆ ಒಂದು ದ್ವೀಪ, ಬಿಳಿ ಮರಳು. ಜೋಡಿ ದೋಣಿಯನ್ನು ಒಂದಕ್ಕೊಂದು ಬಿಗಿದ ಹಾಗಿದ್ದ ಹಾಯಿದೋಣಿಯ ಮೇಲೆ ಹೆಂಗಸರು ಗಂಡಸರು ದಿನವಿಡೀ ಪ್ರವಾಸ ಹೋಗಿದ್ದರು. ಕಣ್ಣಿಗೆ ಗಾಜು ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿ, ನೀರಿನೊಳಗೆ ಮುಖವಿಟ್ಟು ಮೀನು ನೋಡುತ್ತಿದ್ದರು. ಅತ್ತೆ ಆ ಚಿತ್ರವನ್ನು ಮೂರು ದಿನ ನೋಡಿದರು. ಪಟದಲ್ಲಿದ್ದ ಒಬ್ಬ ಮುದುಕಿಯ ಮೇಲೆ ಬೆರಳಿಟ್ಟು, "ಇವಳಿಗಿಂತ ನಾನೇ ಗಟ್ಟಿಯಾಗಿವ್ನಿ" ಎಂದರು.

ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ಆದರೆ ನನಗೆ ಪದಗಳ ಚಟ. ಆ ದೋಣಿಯ ಹೆಸರು ಕ್ಯಾಟಮರಾನ್. ನಿಘಂಟು ತೆರೆದರೆ ಮೂಲ ತಮಿಳಿನ ‘ಕಟ್ಟುಮರಂ’ ಎಂದಿತ್ತು, ಕಟ್ಟಿದ ಮರ. ಅದನ್ನು ಪಕ್ಕದ ಮನೆಯ ಆರುಮುಗಂಗೆ ಹೇಳಿಬಿಟ್ಟೆ. ಆತ ಮೈಸೂರು ಮೈನ್ಸ್‌ನಲ್ಲಿ ಮೂವತ್ತು ವರ್ಷ ಸುರಂಗಕ್ಕೆ ಮರದ ಆಸರೆ ಕಟ್ಟಿ ನಿವೃತ್ತನಾದವನು. ಕೇಳಿದ್ದೇ ತಡ, ಎದೆ ತಟ್ಟಿಕೊಂಡ.

"ಅದು ನಮ್ದು ಟೀಚರಮ್ಮಾ! ನಮ್ ತಾತಾ ಕಡಲೂರು. ಕಟ್ಟುಮರಂ ನಮ್ ರತ್ತದಲ್ಲೇ ಇದೆ. ಬೆಳ್ಳಕಾರ, ಆ ಬಿಳೀ ದೊರೆ, ಎತ್ಕೊಂಡ್ ಓದ, ಅಷ್ಟೇ!"

ಹದಿನೈದು ದಿನದಲ್ಲಿ ಆತ ಬೇತಮಂಗಲದ ಕೆರೆಯ ಆಚೆ ದಡದಲ್ಲಿ, ತನ್ನ ಭಾವಮೈದುನನ ಹೊಲದ ಪಕ್ಕ, ಎರಡು ಉದ್ದದ ದಿಮ್ಮಿಗಳಿಗೆ ಅಡ್ಡ ಹಲಗೆ ಬಿಗಿದು ಕಟ್ಟುಮರ ಸಿದ್ಧಮಾಡಿದ್ದ. ಕಿಟಕಿ ಗಾಜನ್ನು ದುಂಡಗೆ ಕತ್ತರಿಸಿ, ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಕೂರಿಸಿ, ಎರಡು ಜೊತೆ ಕನ್ನಡಕವನ್ನೂ ಮಾಡಿದ್ದ. ಕೊಳವೆಗೆ ನಮ್ಮ ಹಿತ್ತಲಿನ ಪರಂಗಿ ಮರವೇ ಇತ್ತು.

ಇದರಲ್ಲಿ ನಗುವಂಥದ್ದು ನನಗೆ ಆಗ ಏನೂ ಕಾಣಲಿಲ್ಲ. ಬೇತಮಂಗಲದ ನೀರು ಇಡೀ ಕೆಜಿಎಫ್ ಕುಡಿಯುವ ನೀರು. ನನ್ನ ಗಂಡ ಅಲ್ಲೇ ನೀರು ಸರಬರಾಜಿನ ಮೇಲ್ವಿಚಾರಕ. ಆರು ವರ್ಷ ತಾತ್ಕಾಲಿಕವಾಗಿ ದುಡಿದ ಮೇಲೆ ಆ ತಿಂಗಳು ಅವರ ಕೆಲಸ ಕಾಯಂ ಆಗುವುದರಲ್ಲಿತ್ತು. ಹೊಸ ಅಧಿಕಾರಿ ಶಿಸ್ತಿನ ಮನುಷ್ಯ. ಕಟ್ಟೆಯ ಮೇಲೆ ‘ಈ ನೀರಿಗೆ ಇಳಿಯುವುದನ್ನು ನಿಷೇಧಿಸಲಾಗಿದೆ’ ಎಂಬ ಬೋರ್ಡು ನಿಂತಿತ್ತು. ಅದರ ವಾಕ್ಯ ಬರೆದುಕೊಟ್ಟವಳು ನಾನು. ಮೇಲ್ವಿಚಾರಕನ ತಾಯಿ ಮತ್ತು ಹೆಂಡತಿಯೇ ನೀರಿನಲ್ಲಿ ಸಿಕ್ಕಿಬಿದ್ದರೆ ಕಾಯಂ ಆರ್ಡರು ಬರುವ ಮಾತೇ ಇರಲಿಲ್ಲ.

ನಾನು ಇದನ್ನೆಲ್ಲ ಹೇಳಿದೆ. ಅತ್ತೆ ಗಮನವಿಟ್ಟು ಕೇಳಿದರು.

"ಬೋರ್ಡಲ್ಲಿ ಏನ್ ಬರ್ದಿದ್ದೀಯ? ಇಳೀಬಾರದು ಅಂತ ತಾನೇ? ತೇಲಬಾರದು ಅಂತ ಬರ್ದಿಲ್ವಲ್ಲ."

"ಅತ್ತೆ, ಅದು ಹಾಗಲ್ಲ..."

"ನೀನು ಬರಬ್ಯಾಡ ಬುಡು. ನಾನು ಮುಳುಗೋದ್ರೆ ಆರುಮುಗ ಬಂದು ಯೋಳ್ತಾನೆ."

ಹೀಗೆಂದ ಮೇಲೆ ಹೋಗದೆ ಇರುವುದು ಹೇಗೆ? ಭಾನುವಾರ ನನ್ನ ಗಂಡ ಪಂಪಿನ ಬಿಡಿಭಾಗ ತರಲು ಬೆಳಿಗ್ಗೆಯೇ ಬಂಗಾರಪೇಟೆ ರೈಲ್ವೆ ಸ್ಟೇಷನ್ನಿಗೆ ಹೋದರು. ನಾಲ್ಕು ಗಂಟೆಗೆ ಕೆರೆ ಕಟ್ಟೆಯ ಮೇಲೆ ಇರುತ್ತೇನೆ ಎಂದಿದ್ದರು. ಮೂರಕ್ಕೆ ನಾವು ದಡ ಸೇರಬೇಕು ಎಂದು ನಾನು ಅತ್ತೆಯಿಂದ ದೇವರ ಪಟದ ಮುಂದೆ ಮಾತು ತೆಗೆದುಕೊಂಡೆ. ಆಮೇಲೆ ಮೂವರೂ ಬಸ್ಸು ಹತ್ತಿದೆವು. ಅತ್ತೆಯ ಮಡಿಲಲ್ಲಿ ಮುದ್ದೆ, ಬಸ್ಸಾರು ತುಂಬಿದ ಹಿತ್ತಾಳೆ ಪಾತ್ರೆ. ನನ್ನ ಕೈಚೀಲದಲ್ಲಿ ಕನ್ನಡಕ, ಆರು ಪರಂಗಿ ದಂಟು, ಟಿಂಕ್ಚರ್ ಬಾಟಲಿ, ಗಡಿಯಾರ.

ಕಟ್ಟುಮರ ತೇಲಿತು! ನನಗೆ ಅದೇ ಮೊದಲ ಆಶ್ಚರ್ಯ. ಆರುಮುಗಂ ಗಳ ಹಾಕಿ ನೂಕುತ್ತಿದ್ದ. ದಿಮ್ಮಿಗಳ ನಡುವಿನಿಂದ ನೀರು ಪಿಚಕ್ಕನೆ ಹಾರಿ ನಮ್ಮ ಸೀರೆ ನೆನೆಸುತ್ತಿತ್ತು. ಅತ್ತೆ ಮೊದಲು ಗಂಗಮ್ಮನಿಗೆ ಕೈಮುಗಿದರು, ಆಮೇಲೆ ಹೋ ಎಂದು ಕೂಗಿದರು.

"ಮೆಲ್ಲಗೆ ಅತ್ತೆ! ಯಾರಾದರೂ ಕೇಳಿಸಿಕೊಂಡಾರು."

"ಕೇಳ್ಕೊಳ್ಲಿ. ಎಮ್ಮೆ ಕೂಗ್ತು ಅಂದ್ಕೊತಾರೆ."

ಕೆರೆಯ ನಡುವೆ ಒಂದು ತಿಟ್ಟು. ನಾಲ್ಕು ಜಾಲಿ ಮರ, ಒಂದಷ್ಟು ಲಂಟಾನ ಪೊದೆ, ಅಂಚಿನಲ್ಲಿ ಸೀರೆ ಹಾಸುವಷ್ಟು ಮರಳು. ಅತ್ತೆ ಅದಕ್ಕೆ ಆಗಲೇ ಕೆರಿಬಿಯನ್ ಎಂದು ಹೆಸರಿಟ್ಟಿದ್ದರು. ಅವರ ಬಾಯಲ್ಲಿ ಅದು ‘ಕರಿಬೇವು’ ಆಗಿತ್ತು. ಕರಿಬೇವಿಗೆ ಇಳಿದೆವು. ಆರುಮುಗಂ ಕಟ್ಟುಮರದ ಹಗ್ಗವನ್ನು ಒಂದು ಕಲ್ಲಿಗೆ ಸುತ್ತಿ, ನಮ್ಮ ಕಣ್ಣಿಗೆ ಗಾಜು ಕಟ್ಟಿದ. ಸೈಕಲ್ ಟ್ಯೂಬು ಕಿವಿಯನ್ನೂ ಮುಚ್ಚಿಕೊಂಡು ಬಿಗಿಯಾಗಿ ಕೂತಿತು.

ನಾನು ಮೊಣಕಾಲುದ್ದದ ನೀರಿಗಿಂತ ಮುಂದೆ ಹೋಗುವುದಿಲ್ಲ ಎಂದು ನಿರ್ಧರಿಸಿಯೇ ಬಂದಿದ್ದೆ. ಮಂಡಿಯೂರಿ, ಒಂದು ಕೈಯಲ್ಲಿ ಕಲ್ಲು ಹಿಡಿದು, ಮುಖವನ್ನು ನೀರಿಗೆ ಇಟ್ಟೆ.

ಅಲ್ಲಿ ಸದ್ದೇ ಇರಲಿಲ್ಲ. ಬಿಸಿಲು ನೀರಿನೊಳಗೆ ಇಳಿದು ನೆಲದ ಮೇಲೆ ಬಲೆಯ ಹಾಗೆ ಅಲುಗುತ್ತಿತ್ತು. ಬೆರಳುದ್ದದ ಮೀನುಗಳು ನನ್ನ ಬಳೆಗಳನ್ನು ಮೂಸಿ ನೋಡಿದವು. ಒಂದು ಏಡಿ ನನ್ನನ್ನು ಕಂಡು, ಬಾಗಿಲು ಹಾಕಿಕೊಳ್ಳುವ ಹೆಂಗಸಿನ ಹಾಗೆ, ಬಿಲದೊಳಕ್ಕೆ ಸರಿಯಿತು. ನನಗೆ ನಗು ಬಂತು. ನಕ್ಕರೆ ದಂಟಿನೊಳಗೆ ನೀರು ನುಗ್ಗಿತು. ಕೆಮ್ಮಿ, ಉಗಿದು, ಮತ್ತೆ ಮುಖವಿಟ್ಟೆ. ಆಮೇಲೆ ಎಷ್ಟು ಹೊತ್ತಾಯಿತೆಂದು ನನಗೆ ತಿಳಿಯಲಿಲ್ಲ. ಗಡಿಯಾರ ನೋಡದೆ ಅಷ್ಟು ಹೊತ್ತು ಕಳೆದದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಆ ಹೊತ್ತಿನಲ್ಲೇ ಅದು ನಡೆದುಹೋಯಿತು. ಆರುಮುಗಂ ಸೌದೆ ಆರಿಸಲು ತಿಟ್ಟಿನ ಹಿಂದಕ್ಕೆ ಹೊರಟವನು ಅತ್ತೆಯತ್ತ ತಿರುಗಿ, "ಅಕ್ಕಾ, ಕಟ್ಟುಮರಂ ಪತ್ತಿರಂ!" ಎಂದು ಕೂಗಿದ್ದ. ತಮಿಳಿನಲ್ಲಿ ‘ಪತ್ತಿರಂ’ ಎಂದರೆ ಜೋಪಾನ. ಸಂತೆಯ ತಮಿಳು ಅತ್ತೆಗೂ ಬರುತ್ತದೆ. ಆದರೆ ಕಿವಿಯ ಮೇಲೆ ಸೈಕಲ್ ಟ್ಯೂಬು ಇತ್ತು. ಅವರಿಗೆ ಕೇಳಿಸಿದ್ದು ‘ಕಟ್ಟು, ಮರ, ಪಾತ್ರೆ’.

ನಾನು ನೀರಿನಿಂದ ತಲೆ ಎತ್ತಿದಾಗ ಮುದ್ದೆಯ ಪಾತ್ರೆ ಜಾಲಿ ಮರದ ಕೊಂಬೆಯಲ್ಲಿ ಗಟ್ಟಿಯಾಗಿ ತೂಗುತ್ತಿತ್ತು, ಕಟ್ಟುಮರದ ಹಗ್ಗದಲ್ಲಿ. ಕಟ್ಟುಮರ ಮಾತ್ರ ಇನ್ನೂರು ಗಜ ದೂರದಲ್ಲಿ, ಗಾಳಿಗೆ ಮೈಕೊಟ್ಟು, ಆಚೆ ದಡದ ಜೊಂಡಿನ ಕಡೆಗೆ ಹೋಗುತ್ತಿತ್ತು.

"ಐಯೋ ಕಡವುಳೇ!" ಆರುಮುಗಂ ಸೌದೆ ಕೆಳಗೆ ಹಾಕಿದ. "ಅಕ್ಕಾ, ಏನ್ ಮಾಡ್ಬಿಟ್ಟೆ?"

"ನೀನು ಯೋಳಿದ್ದೇ ಮಾಡಿವ್ನಿ ಕಣ್ಲಾ. ಮರಕ್ಕೆ ಪಾತ್ರೆ ಕಟ್ಟು ಅಂದೆ, ಕಟ್ಟಿದೆ. ಇರುವೆ ಬತ್ತವೆ ಅಂತ ನಿನಗೆ ಬುದ್ಧಿ ಇರೋದು ಕಂಡು ಮೆಚ್ಕೊಂಡೆ ಕೂಡ."

ಗಡಿಯಾರ ನೋಡಿದೆ. ಮೂರು ಗಂಟೆ ಐದು ನಿಮಿಷ.

"ಆರುಮುಗಂ, ಬೇಗ ಈಜಿಕೊಂಡು ಹೋಗಿ ತಾ."

ಆತ ನೆಲ ನೋಡಿದ. "ಟೀಚರಮ್ಮಾ, ಒಂದು ಸತ್ಯ ಹೇಳ್ಬೇಕು. ನಂಗೆ ಈಜು ಬರಲ್ಲ."

"ಕಡಲೂರು?"

"ತಾತಾ ಕಡಲೂರು. ನಾನು ಕಡಲೇ ನೋಡಿಲ್ಲ."

ಅತ್ತೆ ನಗತೊಡಗಿದರು. ನಗುತ್ತ ಮರಳಿನ ಮೇಲೆ ಕೂತುಬಿಟ್ಟರು. "ನೋಡ್ದೇನೇ, ಇವನ ರತ್ತದಲ್ಲಿ ಇರೋದು ಬೇತಮಂಗಲದ ನಲ್ಲಿ ನೀರು!" ಎಂದರು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ನೀರಿನತ್ತ ಕೈಚಾಚಿದರು. ಅವರ ತವರು ಆ ದಡದ ಹಳ್ಳಿಯೇ. ಚಿಕ್ಕಂದಿನಲ್ಲಿ ಬೇಸಿಗೆಗೆ ನೀರು ಇಳಿದಾಗ ಎಮ್ಮೆ ಹೊಡೆದುಕೊಂಡು ಈ ತಿಟ್ಟಿಗೆ ಬರುತ್ತಿದ್ದರಂತೆ. ಇಲ್ಲಿಂದ ಜೊಂಡಿನವರೆಗೆ ನೀರಿನಡಿ ಒಂದು ಹಳೆಯ ಬದು ಇದೆ, ಕಲ್ಲು ಕಟ್ಟಿದ್ದು.

"ಈಗ ಕತ್ತುದ್ದ ಇರಬೌದು. ನಂಗೆ ಮುಳುಗ್ತದೆ, ಇವನು ಕುಳ್ಳ. ನೀನು ನಡೀಬೌದು."

"ನಾನೇ?"

"ನಮ್ಮನೇಲಿ ಉದ್ದ ಇರೋಳು ನೀನೊಬ್ಳೇ. ಹೆಣ್ಣು ನೋಡೋಕೆ ಬಂದಾಗ ‘ತೆಂಗಿನಮರ ಇದ್ದಂಗವ್ಳೆ, ಬ್ಯಾಡ’ ಅಂದಿದ್ದೋಳು ನಾನೇ. ಅದನ್ನ ಇವತ್ತು ವಾಪಸ್ ತಗೊಂಡಿವ್ನಿ. ಓಗು."

ನಾನು ಹೋದೆ. ಸೀರೆಯನ್ನು ಕಚ್ಚೆಯಾಗಿ ಬಿಗಿದು, ದಂಟು ಕಚ್ಚಿ, ನೀರಿನೊಳಗೆ ಮುಖವಿಟ್ಟು ಬದುವಿನ ಕಲ್ಲು ಹುಡುಕುತ್ತ ಹೆಜ್ಜೆ ಹಾಕಿದೆ. ಸೊಂಟ, ಎದೆ, ಗಲ್ಲ. ಕಲ್ಲುಗಳು ಪಾಚಿ ಹಿಡಿದು ಹಸಿರು ವೆಲ್ವೆಟ್ಟಿನಂತಿದ್ದವು. ಪ್ರತಿ ಕಲ್ಲನ್ನೂ ಕಾಲ್ಬೆರಳಿನಿಂದ ತಟ್ಟಿ, ನಂಬಿಕೆ ಬಂದ ಮೇಲೆಯೇ ಕಾಲಿಟ್ಟೆ. ಒಂದು ದಪ್ಪ ಕೊರವ ಮೀನು ಸ್ವಲ್ಪ ದೂರ ನನ್ನ ಜೊತೆಗೇ ಬಂತು. ಅರ್ಧ ದಾರಿಯಲ್ಲಿ ಉಸಿರಿಗೆ ತಲೆ ಎತ್ತಿದೆ.

ಕಟ್ಟೆಯ ಮೇಲೆ ಒಂದು ಸೈಕಲ್ಲು ಬರುತ್ತಿತ್ತು. ಸವಾರನ ತಲೆಯ ಮೇಲಿನ ಟೋಪಿಯ ಗುರುತು ನನಗೆ ಎಷ್ಟು ದೂರದಿಂದಲೂ ಸಿಗುತ್ತದೆ. ಪ್ರತಿ ಸೋಮವಾರ ಅದನ್ನು ಒಗೆಯುವವಳು ನಾನು. ಬೇಗನೆ ಕೆಲಸ ಮುಗಿದಿರಬೇಕು. ಸೈಕಲ್ಲು ನಿಂತಿತು. ಟೋಪಿ ನನ್ನತ್ತ ತಿರುಗಿತು.

ಮುಳುಗಿದೆ. ಈಗ ನೀರಿನ ಮೇಲೆ ದಂಟಿನ ತುದಿಯೊಂದೇ. ಎದೆ ಡಬಡಬ ಬಡಿಯುತ್ತಿತ್ತು. ಅದರ ಕೆಳಗೆ, ಹೇಳಬಾರದು, ಒಂದು ಕಳ್ಳನಗು ಗುಳುಗುಳು ಎನ್ನುತ್ತಿತ್ತು. ಬಿ.ಎ. ಓದಿದ ಹೆಂಗಸು, ಬೋರ್ಡಿನ ವಾಕ್ಯ ಬರೆದವಳು, ಗಂಡನ ಕಣ್ಣೆದುರೇ ನೀರಿನಡಿ ನಡೆಯುತ್ತಿದ್ದಾಳೆ! ಮಂಡಿ ಬಗ್ಗಿಸಿ ಕಲ್ಲಿನಿಂದ ಕಲ್ಲಿಗೆ ಜಾರಿದೆ. ನಡುವೆ ಒಮ್ಮೆ ತಡೆಯಲಾರದೆ ಗಾಜಿನ ಕಣ್ಣಷ್ಟನ್ನೇ ಮೇಲೆತ್ತಿ ನೋಡಿದೆ. ಟೋಪಿ ಅಲ್ಲೇ ಇತ್ತು. ಮತ್ತೆ ಮುಳುಗಿದೆ. ಕೊನೆಗೆ ಕೈಗೆ ಜೊಂಡು ತಾಕಿತು, ಆಮೇಲೆ ದಿಮ್ಮಿ. ಜೊಂಡಿನ ಮರೆಯಲ್ಲಿ ಕಟ್ಟುಮರವನ್ನು ತಬ್ಬಿಕೊಂಡು ನಿಂತೆ. ಸೈಕಲ್ಲು ಮೆಲ್ಲಗೆ ಪಂಪ್‌ಹೌಸಿನ ಕಡೆ ಹೋಗುವವರೆಗೆ ಅಲ್ಲಾಡಲಿಲ್ಲ.

ಕಟ್ಟುಮರದ ಮೇಲೆಯೇ ಉಳಿದಿದ್ದ ಗಳ ಹಾಕಿ ಅವರಿಬ್ಬರನ್ನು ತಿಟ್ಟಿನಿಂದ ಆ ಜೊಂಡಿನ ಮರೆಗೆ ಕರೆತಂದಾಗ ನಾಲ್ಕೂವರೆ. ಹಲಗೆಯ ಮೇಲೆ ಕೂತು ಮುದ್ದೆ ತಿಂದೆವು. ಅಂಥ ರುಚಿಯ ಬಸ್ಸಾರು ನಾನು ಮತ್ತೆ ಉಂಡಿಲ್ಲ.

ರಾತ್ರಿ ನನ್ನ ಗಂಡ ಊಟಕ್ಕೆ ಕೂತರು. ನಮ್ಮಿಬ್ಬರ ಮುಖ ನೋಡಿದರು.

"ನಿಮ್ಮಿಬ್ರ ತುಟಿ ಯಾಕೆ ಊದ್ಕೊಂಡೈತೆ?"

ಪರಂಗಿ ದಂಟಿನ ಹಾಲು ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದೇ ಸಂಗತಿ.

"ಬಿಸಿ ಕಾಪಿ," ಎಂದರು ಅತ್ತೆ.

"ಹಿತ್ತಲ ಪರಂಗಿ ಗಿಡದಲ್ಲಿ ಎಲೇನೇ ಇಲ್ಲ?"

"ಮೇಕೆ ತಿಂತು."

"ಮೇಕೆ ಗಿಡ ಅತ್ತುತ್ತಾ ಅವ್ವಾ?"

"ಉರಿಗಾಂ ಮೇಕೆ ಕಣಪ್ಪ. ಗಣೀಗೇ ಇಳೀತವೆ, ಗಿಡ ಅತ್ತೋದೇನು ಮಹಾ."

ಅವರು ನಗಲಿಲ್ಲ. ಅನ್ನ ಕಲಸುತ್ತಲೇ ಇದ್ದರು. ಅತ್ತೆ ಮಲಗಲು ಹೋದ ಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ಅನಸೂಯಾ, ನೀನು ಓದಿದೋಳು. ನಗಬಾರದು. ಇವತ್ತು ಕೆರೇಲಿ ಒಂದು ಪ್ರಾಣಿ ನೋಡ್ದೆ. ತಲೆ ಮೇಲೆ ಒಂದೇ ಕೊಂಬು, ಹಸಿರು. ಎರಡು ಗುಂಡು ಕಣ್ಣು, ಬಿಸಿಲಿಗೆ ಪಳಪಳ ಅಂತು. ನನ್ನೇ ನೋಡ್ತು. ಆಮೇಲೆ ಮುಳುಗ್ತು."

ನಾನು ನೀರಿನ ಲೋಟ ಮುಂದಿಟ್ಟೆ.

"ಇನ್ನೂ ಐತೆ. ತಿಟ್ಟಿನ ಜಾಲಿ ಮರದಲ್ಲಿ ಇತ್ತಾಳೆ ಪಾತ್ರೆ ಕಾಯಿ ಬಿಟ್ಟಂಗೆ ನೇತಾಡ್ತಿತ್ತು. ನಮ್ಮನೆ ಪಾತ್ರೆ ತರಾನೇ." ಅವರು ಹಣೆ ಒರೆಸಿಕೊಂಡರು. "ರಿಪೋರ್ಟ್ ಬರೀಬೇಕು ಅಂತ ರೂಲು. ನೀನೇ ಒಳ್ಳೆ ಮಾತಲ್ಲಿ ಬರ್ಕೊಡು."

ನಾನು ಪೆನ್ನು ಕಾಗದ ತಂದೆ. ‘ದಿನಾಂಕ’ ಎಂದು ಬರೆದೆ. ಬಹಳ ಹೊತ್ತು ಯೋಚಿಸಿ ಕೇಳಿದೆ:

"ಇದನ್ನು ಓದಿ ನಿಮ್ಮ ಹೊಸ ಅಧಿಕಾರಿ ಮೊದಲು ಏನು ಕೇಳಬಹುದು?"

ಅವರು ಯೋಚಿಸಿದರು. "ಕುಡಿದಿದ್ಯಾ ಅಂತಾನೆ."

"ಆಮೇಲೆ?"

"ಆಮೇಲೆ... ಕಾಯಂ ಫೈಲು ಕೆಳಗಡೆ ಇಡ್ತಾನೆ." ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಚಿದರು. "ಬ್ಯಾಡ. ನಾನು ಏನೂ ನೋಡ್ಲಿಲ್ಲ. ಬಂಗಾರಪೇಟೆ ಬಿಸಿಲು ತಲೆಗೇರಿತ್ತು, ಅಷ್ಟೇ. ಇದನ್ನ ಯಾರಿಗೂ ಯೋಳಲ್ಲ. ನೀನೂ ಯೋಳಬಾರದು, ಅವ್ವಂಗಂತೂ ಬ್ಯಾಡವೇ ಬ್ಯಾಡ, ಎದರ್ಕೊತಾಳೆ. ಆಣೆ ಮಾಡು."

ಮಾತು ಕೊಡುವಾಗ ಹತ್ತು ಸಲ ಯೋಚಿಸುವವಳು ನಾನು. ಅವರ ಕೈಮೇಲೆ ಕೈಯಿಟ್ಟು, ಊದಿದ ತುಟಿಯಲ್ಲೇ ಆಣೆ ಮಾಡಿದೆ. ಆಗ ಗೋಡೆಯಾಚೆ, ಅತ್ತೆ ಮಲಗಿದ್ದ ಕಡೆಯಿಂದ, ಯಾರೋ ಸೆರಗು ಬಾಯಿಗೆ ತುರುಕಿಕೊಂಡು ಉಸಿರು ಬಿಡುವ ಹಾಗೆ ಗುಳುಗುಳು ಎಂದಿತು.

"ಅದೇನದು ಸದ್ದು?" ಎಂದರು ನನ್ನ ಗಂಡ.

"ನಲ್ಲಿ," ಎಂದೆ.