ತಿದಿ ಒತ್ತುವವಳು

ಗಿರಣಿಯ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮಾರಿದ ಸಾಮಾನುಗಳಲ್ಲಿ ಧೂಳು ಎಳೆಯುವ ಮಷೀನು ಸೋಮಪ್ಪನ ಪಾಲಿಗೆ ಬಂತು. ಕಟ್ಟಿಗೆಯ ಪೆಟ್ಟಿಗೆ, ಒಳಗೆ ಕಮ್ಮಾರನ ಕುಲುಮೆಯಲ್ಲಿರುವಂಥ ತಿದಿ, ಪಕ್ಕದಲ್ಲಿ ಎದೆಯೆತ್ತರದ ಹಿಡಿ. ಒಬ್ಬರು ನಿಂತು ಹಿಡಿಯನ್ನು ಜಗ್ಗಿ ತಿದಿ ಒತ್ತಬೇಕು. ಇನ್ನೊಬ್ಬರು ಕೊಳವೆಯ ಬಾಯನ್ನು ಜಮಖಾನೆಯ ಮೇಲೆ ಆಡಿಸಬೇಕು. ಇಬ್ಬರು ಹೆಂಗಸರು ಬೇಕು. ಸೋಮಪ್ಪನಿಗೆ ಇಬ್ಬರು ಹೆಂಡಿರಿದ್ದರು.

"ಕೊಳವಿ ಚನ್ನವ್ವ ಹಿಡೀಲಿ, ಅದು ನಾಜೂಕಿನ ಕೆಲಸ," ಎಂದು ಮೊದಲ ದಿನವೇ ಅಪ್ಪಣೆಯಾಗಿತ್ತು. "ಗಂಗವ್ವ, ನೀ ತಿದಿ ಒತ್ತು."

ಹಿರಿಯ ಹೆಂಡತಿ ಶಿವಗಂಗವ್ವನಿಗೆ ಮಕ್ಕಳಾಗಿರಲಿಲ್ಲ. ಕಿರಿಯವಳು ಚನ್ನವ್ವ ಗಂಡು ಹೆತ್ತ ಮೇಲೆ ಇಬ್ಬರ ನಡುವೆ ನೇರ ಮಾತು ನಿಂತುಹೋಗಿತ್ತು. ಆಡಬೇಕಾದದ್ದನ್ನು ಬೆಕ್ಕಿಗೆ ಆಡುತ್ತಿದ್ದರು, ಇಲ್ಲವೆ ಗೋಡೆಗೆ.

ಗಾಣದ ಎತ್ತಿನ ಹಾಗೆ ಒತ್ತುವುದನ್ನು ಶಿವಗಂಗವ್ವ ಸಹಿಸಿಕೊಂಡಿದ್ದಳು. ಆದರೆ ಇವತ್ತು ಮಸಗುಪ್ಪಿಯಿಂದ ಅವಳ ಅವ್ವ ಕಾಶೆವ್ವ ಬರುವವಳಿದ್ದಳು. ತವರಿಗೆ ಹೋದಾಗಲೆಲ್ಲ, "ಮನಿ ಯಜಮಾನಿಕಿ ನನ್ನ ಕೈಯಾಗನ ಐತಿ" ಎಂದು ಹೇಳಿಬಂದವಳು ಅವಳು. ಬೆವರು ಸುರಿಸುತ್ತ ಸವತಿಗಾಗಿ ಒತ್ತುವುದನ್ನು ಅವ್ವ ನೋಡಬಾರದಿತ್ತು.

ಗಾಡಿ ನಿಂತದ್ದೇ ತಡ, ಸೋಮಪ್ಪ ಕೂಗಿದ: "ಅತ್ತಿ ಬಂದ್ರು! ಮಷೀನ ತೋರಸ್ರಿ."

ಕಾಶೆವ್ವ ಸೆರಗು ಮುಂದಕ್ಕೆಳೆದುಕೊಂಡು ಬಾಗಿಲ ಬಳಿ ಕುಳಿತಳು. ಬಾಜೂ ಮನೆಯ ಯಮನವ್ವ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಶಿವಗಂಗವ್ವ ಕಣ್ಣು ಮೇಲೆತ್ತದೆ ಒತ್ತಿದಳು. ಚನ್ನವ್ವ ಮೊಣಕಾಲೂರಿ ಕೊಳವೆ ತಳ್ಳಿಕೊಂಡು ಹೋದಳು.

ಯಮನವ್ವ ಬಾಯಿಗೆ ಸೆರಗಿಟ್ಟು ನಕ್ಕಳು. "ಕಾಶಕ್ಕಾ, ನಿನ್ನ ಮಗಳ ನೋಡ, ಸಾವಕಾರತಿ ಹಂಗ ನಿಂತಾಳ. ಸಣ್ಣಾಕಿ ಅಂಬೆಗಾಲ ಇಡಾಕತ್ತಾಳ!"

ಹೆಂಗಸರೆಲ್ಲ ಗೊಳ್ಳೆಂದರು. ಚನ್ನವ್ವ ಕೊಳವೆ ಬಿಸಾಕಿ ಎದ್ದಳು. "ನಾ ಏನ ಈ ಮನಿ ಆಳೇನ್ರಿ?" ಎಂದು ಗಂಡನನ್ನು ಕೇಳಿದಳು.

ಸೋಮಪ್ಪನ ಮುಖ ಬಿಗಿಯಿತು. "ಗಂಗವ್ವ, ನೀ ಕೊಳವಿ ಹಿಡಿ. ಆಕಿ ಒತ್ತಲಿ."

"ಒಲ್ಲೆ. ನಾಜೂಕಿನ ಕೆಲಸ ನನಗ ಬರಂಗಿಲ್ರಿ."

"ಒಲ್ಲೆ ಅಂತಿ? ನಿಮ್ಮವ್ವನ ಗಾಡಿ ಹೊರಗ ನಿಂತೈತಿ. ಹತ್ತು, ನಡಿ."

ಇಷ್ಟು ವರ್ಷ ಮುಚ್ಚಿಟ್ಟದ್ದು ಒಂದೇ ಮಾತಿನಲ್ಲಿ ಅವ್ವನ ಎದುರು ಬಿದ್ದಿತು. ಶಿವಗಂಗವ್ವ ಅತ್ತ ನೋಡಲಿಲ್ಲ. ನೋಡಿದರೆ ಅವ್ವ ಬಾ ಎಂದಾಳು. ಅಣ್ಣಂದಿರ ಹೆಂಡಿರ ಮನೆಯಲ್ಲಿ ಅವ್ವನಿಗೇ ಒಂದು ಮೂಲೆ, ತನಗೆ ಎಲ್ಲಿಯದು?

ಕಾಶೆವ್ವ ಗೋಡೆ ಹಿಡಿದು ಎದ್ದಳು. ಜಮಖಾನೆಯ ತನಕ ಬಂದು, ನಿಧಾನವಾಗಿ ಮೊಣಕಾಲೂರಿ, ಬಿದ್ದಿದ್ದ ಕೊಳವೆಯನ್ನು ಕೈಗೆತ್ತಿಕೊಂಡಳು.

ಹೆಂಗಸರ ನಗೆ ನಿಂತಿತು. ಅಳಿಯನ ಮನೆಯಲ್ಲಿ ಅತ್ತೆ ಒಂದು ಕಡ್ಡಿ ಎತ್ತಿಟ್ಟರೂ ಆ ಮನೆಗೆ ಕೆಟ್ಟ ಮಾತು ಬರುತ್ತಿದ್ದ ಕಾಲವದು.

"ಒತ್ತು, ಗಂಗಿ," ಎಂದಳು ಕಾಶೆವ್ವ.

ಶಿವಗಂಗವ್ವ ಮತ್ತೆ ಹಿಡಿಗೆ ಕೈಯಿಟ್ಟಳು. ಒತ್ತಿದರೆ ಹೆತ್ತವಳನ್ನು ನೆಲದ ಮೇಲೆ ಹರಿದಾಡಿಸಿದ ಹಾಗೆ. ಒತ್ತದಿದ್ದರೆ ಹೆತ್ತವಳು ಮಂಡಿಯೂರಿದ್ದು ವ್ಯರ್ಥ. ಅವಳು ಹಲ್ಲು ಕಚ್ಚಿ ಒತ್ತಿದಳು. ತಿದಿ ಉಸಿರೆಳೆಯಿತು. ಕಾಶೆವ್ವ ಮೊಣಕಾಲೆಳೆಯುತ್ತ ಮುಂದೆ ಸರಿದಳು.

"ಅತ್ತಿ, ಏಳ್ರಿ! ಮಂದಿ ನೋಡಾಕತ್ತಾರ." ಸೋಮಪ್ಪನ ದನಿ ಒಡೆದಿತ್ತು. "ಗಂಗವ್ವ, ನಿಲ್ಲಸು! ನಿಲ್ಲಸಂತೀನಿ!"

ಅವಳು ಇನ್ನೂ ಜೋರಾಗಿ ಒತ್ತಿದಳು. ಬಾಗಿಲಲ್ಲಿದ್ದ ಯಮನವ್ವ ಯಾರ ಮುಖವನ್ನೂ ನೋಡದೆ ಹಿಂದೆ ಸರಿದಳು. ಈ ಸುದ್ದಿ ಸಂಜೆಯೊಳಗೆ ಪೇಟೆ ಮುಟ್ಟುವುದೆಂದು ಸೋಮಪ್ಪನಿಗೂ ಗೊತ್ತಾಯಿತು.

ಕೊಳವೆ ಅವನ ಪಾದದ ಹತ್ತಿರ ಬಂತು. ಎಂದೂ ಅಳಿಯನ ಎದುರು ಬಾಯಿ ಬಿಡದ ಕಾಶೆವ್ವ ಸೆರಗಿನೊಳಗಿಂದಲೇ ಹೇಳಿದಳು: "ಕಾಲ ತಗೀರಿ, ಅಳಿಯಂದ್ರ. ಅಲ್ಲಿ ಧೂಳ ಭಾಳ ಐತಿ."

ಅವನು ಜಮಖಾನೆ ಬಿಟ್ಟು ಇಳಿದ. ಗಾಡಿ ಹತ್ತು ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಬಿಸಿಲು ಇಳಿದ ಮೇಲೆ ಕಾಶೆವ್ವ ಒಬ್ಬಳೇ ಹೊರಟಳು. ಬಾ ಎಂದು ಮಗಳನ್ನು ಕರೆಯಲಿಲ್ಲ. ಇರು ಎಂದು ಮಗಳೂ ಅವಳನ್ನು ತಡೆಯಲಿಲ್ಲ.